ಬಾಡಿ ಬಿಟ್ಟ ಗಾಡಿ

ಲೈಲ್ ಹಾಗನ್‌ನ ಆ ದಿನದ ಗ್ರಹಚಾರವೆಲ್ಲ ಶುರುವಾದದ್ದು ಮಲಗುವ ಕೋಣೆಯ ಬಾಗಿಲಿನಿಂದ. ಏನು ಮಾಡಿದರೂ ಮುಚ್ಚಿಕೊಳ್ಳುವುದಿಲ್ಲವೆಂದು ಅದು ಹಟ ಹಿಡಿದಿತ್ತು.

ಪಕ್ಕಕ್ಕೆ ಜಾರುವ ಬಾಗಿಲು ಅದು. ನಿನ್ನೆಯವರೆಗೆ ಒಂದಿಷ್ಟು ಗೊಣಗಿಕೊಂಡಾದರೂ ಹೋಗಿ ಚೌಕಟ್ಟಿಗೆ ಅಂಟುತ್ತಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಕೆಳಗೆ ಮುಟ್ಟಿದೆ, ಮೇಲೆ ಬೆರಳು ತೂರುವಷ್ಟು ಸಂದು ಉಳಿದಿದೆ. ಲೈಲ್ ಮೊದಲು ಅಂಗೈಯಿಂದ ನೂಕಿದ. ಆಮೇಲೆ ಭುಜ ಕೊಟ್ಟ. ಕೊನೆಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಸೊಂಟದಿಂದ ಗುದ್ದಿದ. ಬಾಗಿಲು ಅಲುಗಲಿಲ್ಲ, ಅದರ ಹಿಡಿ ಮಾತ್ರ ಕಿತ್ತುಕೊಂಡು ಮಂಚದ ಕೆಳಗೆ ಉರುಳಿಹೋಯಿತು.

"ಏನದು ಸದ್ದು?" ಅಡುಗೆಯ ಕಡೆಯಿಂದ ಹೆಂಡತಿ ಆರ್ಡಿಸ್ ಕೂಗಿದಳು.

"ಏನಿಲ್ಲ, ಬಾಗಿಲು ಮುಚ್ತಿದೀನಿ."

"ಮುಚ್ಚೋಕೆ ಇಷ್ಟು ಸದ್ದಾಗೋದಾದ್ರೆ ತೆಗೆದೇ ಇಡು."

ಬೇರೆ ದಿನವಾಗಿದ್ದರೆ ತೆಗೆದೇ ಇಡುತ್ತಿದ್ದ. ಆದರೆ ಇವತ್ತು ಸಂಜೆ ಗಿರಾಕಿ ಬರುವವನಿದ್ದ. ಒಚೋವ ಎಂಬಾತ. ಜಾಹೀರಾತು ನೋಡಿ ಫೋನ್ ಮಾಡಿದ್ದವನು "ಯಾವ ಮಾದರಿ? ಯಾವ ವರ್ಷದ್ದು?" ಎಂದಷ್ಟೇ ಕೇಳಿ, "ಬರ್ತಾ ಇದೀನಿ, ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ" ಎಂದು ಇಟ್ಟುಬಿಟ್ಟಿದ್ದ. ಚೌಕಾಸಿಯ ಮಾತೇ ಇಲ್ಲ. ಅಂಥ ಗಿರಾಕಿಯನ್ನು ಲೈಲ್ ಕನಸಿನಲ್ಲೂ ಕಂಡಿರಲಿಲ್ಲ.

ಮಾರಾಟಕ್ಕಿದ್ದದ್ದು ಅವರ ಗಾಡಿಮನೆ. ಉದ್ದನೆಯ ಟ್ರೇಲರ್, ಮುಂದಿನ ಕತ್ತು ಟ್ರಕ್ಕಿನ ಬೆನ್ನಿನ ಮೇಲೆ ಕೂರುತ್ತದೆ, ಆ ಕತ್ತಿನೊಳಗೇ ಮಲಗುವ ಕೋಣೆ. ಅಯೋವಾದಲ್ಲಿ ಜೀವಮಾನವೆಲ್ಲ ಊರಿನವರ ತಲೆಗೂದಲು ಕತ್ತರಿಸಿದ ಲೈಲ್, ಅಂಗಡಿ ಮುಚ್ಚಿದ ಮೇಲೆ ಹೆಂಡತಿಯ ಆಸೆಗೆ ಮನೆ ಮಾರಿ ಇದನ್ನು ಕೊಂಡಿದ್ದ. ಆಮೇಲೆ ಬೇಸಿಗೆಯೆಲ್ಲ ಉತ್ತರದ ಬೆಟ್ಟಗಳು, ಚಳಿಗಾಲವೆಲ್ಲ ಯೂಮದ ಮರಳುಗಾಡಿನ, ಗಾಡಿಮನೆಗಳು ಸಾಲಾಗಿ ನಿಲ್ಲುವ ಈ ಪಾರ್ಕು. ಆರ್ಡಿಸ್ ಊರಿಂದೂರಿಗೆ ಹೋದಷ್ಟೂ ಚಿಗುರಿದಳು. ಲೈಲ್ ಒಣಗಿದ. ಹೆಂಡತಿ ಮಗ್ಗುಲು ಬದಲಿಸಿದರೆ ಅಡುಗೆಯ ಚಮಚಗಳೆಲ್ಲ ಒಂದಕ್ಕೊಂದು ಸುದ್ದಿ ಹೇಳಿಕೊಳ್ಳದಂಥ, ಕಲ್ಲಿನ ತಳಪಾಯದ ಒಂದು ಮನೆ ಅವನಿಗೆ ಬೇಕಿತ್ತು. ಅಯೋವಾದ ಡೆಕೋರಾ ಊರಿನಲ್ಲಿ ಅಂಥದೊಂದನ್ನು ನೋಡಿಯೂ ಇಟ್ಟಿದ್ದ. ಹಿತ್ತಲಲ್ಲಿ ಸೇಬಿನ ಮರವಿತ್ತು.

ಚಳಿಗಾಲವೆಲ್ಲ ವಾದ ಮಾಡಿ ಸುಸ್ತಾದ ಮೇಲೆ ಆರ್ಡಿಸ್ ಒಂದು ಕರಾರು ಹಾಕಿದ್ದಳು. "ನೀನು ಕೇಳಿದ ಬೆಲೆಗೆ ಯಾರಾದ್ರೂ ತಗೊಂಡ್ರೆ ನಿನ್ನ ಕಲ್ಲಿನ ಮನೆಗೆ ಬರ್ತೀನಿ. ಈ ಒಚೋವನೂ ಬೇಡ ಅಂದ್ರೆ ಈ ಬೇಸಿಗೆಗೆ ಅಲಾಸ್ಕ. ಆಮೇಲೆ ತುಟಿ ಪಿಟಕ್ ಅನ್ನಬಾರದು."

ಆದ್ದರಿಂದಲೇ ಲೈಲ್ ಮತ್ತೊಮ್ಮೆ ಹಿಂದಕ್ಕೆ ಸರಿದು ಬಾಗಿಲಿಗೆ ಗುದ್ದಿದ. ಆ ಸದ್ದು ಪಕ್ಕದ ಜಾಗದ ಬರ್ಲ್ ಟ್ಯಾಕೆಟ್‌ನ ಕಿವಿಗೆ ಬಿತ್ತು.

ಬರ್ಲ್ ಕೆಂಟಕಿಯವನು, ಒಂಟಿ ಜೀವ. ಸರ್ಕಾರದ ಕೆಲಸದಲ್ಲಿ ಸೇತುವೆಗಳ ಕೆಳಗೆ ತೂಗಾಡಿಕೊಂಡು ಬಿರುಕು ಹುಡುಕಿದವನು. ನಿವೃತ್ತನಾದ ಮೇಲೆ ಸೇತುವೆ ಸಿಗದೆ ಅಕ್ಕಪಕ್ಕದವರ ಗಾಡಿ, ಕುರ್ಚಿ, ಕನ್ನಡಕ, ಮೊಣಕಾಲು ಎಲ್ಲವನ್ನೂ ತಪಾಸಣೆ ಮಾಡುತ್ತಿದ್ದ. ಹಗಲಲ್ಲೂ ಸೊಂಟಕ್ಕೆ ಟಾರ್ಚ್ ಸಿಕ್ಕಿಸಿಕೊಂಡಿರುತ್ತಿದ್ದ. ಅವನು ಕಾಫಿ ಲೋಟದ ಸಮೇತ ಬಂದು ಕಿಟಕಿಯ ಕೆಳಗೆ ನಿಂತ.

"ಏನಯ್ಯ ಲೈಲ್, ಒಳಗೆ ಕುದುರೆ ಕಟ್ಟಿದೀಯಾ?"

"ಬಾಗಿಲು ಸ್ವಲ್ಪ ಬಿಗಿಯಾಗಿದೆ ಅಷ್ಟೆ."

"ಮಲಗೋ ಕೋಣೇದಾ?" ಬರ್ಲ್‌ನ ಹುಬ್ಬು ಮೇಲೇರಿತು. "ಮೇಲುಗಡೆ ಸಂದೋ, ಕೆಳಗಡೇನೋ?"

"ಮೇಲ್ಗಡೆ."

ಬರ್ಲ್ ಕಾಫಿ ಲೋಟವನ್ನು ಮೆಲ್ಲಗೆ ನೆಲದ ಮೇಲಿಟ್ಟ. ಟಾರ್ಚ್ ತೆಗೆದ. ಗಾಡಿಯ ಕತ್ತಿನ ಕೆಳಗೆ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಬರ್ಲ್‌ನನ್ನು ಲೈಲ್ ಅದುವರೆಗೆ ನೋಡಿರಲಿಲ್ಲ. ಅವನೂ ಹೊರಗಿಳಿದು ಬಂದ.

"ಬಾ ಇಲ್ಲಿ. ನೋಡು. ಮೂಲೆ ಬೀಡಿಂಗು ಪಟ್ಟಿ ಹೆಂಗೆ ಉಬ್ಬೈತೆ. ಸ್ಕ್ರೂಗಳು ತಲೆ ಎತ್ತಿ ನೋಡ್ತಾ ಅವೆ. ಇಲ್ಲಿ ಗೋಡೆ ಮೇಲೆ ಓರೆಯಾಗಿ ಒಂದು ಗೀರು ಓಡೈತೆ, ಕಂಡ್ತಾ?"

"ಅದು ಕೊಳೆ ಅಂದ್ಕೊಂಡಿದ್ದೆ. ತಿಂಗಳಿಂದ ಒರೆಸ್ತಾ ಇದೀನಿ."

"ಕೊಳೆಯಲ್ಲ ಕಣಯ್ಯ, ಬಿರುಕು. ನಿನ್ನ ಗಾಡಿ ಚಾಸಿ ಬಳುಕ್ತಾ ಐತೆ! ಕೆಳಗಿನ ಕಬ್ಬಿಣ ಬಳುಕ್ತದೆ, ಮೇಲಿನ ಮನೆ ಬಳುಕಕ್ಕಾಗಲ್ಲ. ಅದಕ್ಕೆ ಬಾಡಿ ಚಾಸೀನ ಬಿಟ್ಕೊಂಡು ಹೊರಟೈತೆ!"

"ಶ್! ಮೆಲ್ಲಗೆ ಹೇಳು ಮಾರಾಯ, ಸಂಜೆ ಗಿರಾಕಿ ಬರ್ತಾನೆ."

"ಮೆಲ್ಲಗೇ ಹೇಳ್ತಿದೀನಿ," ಎಂದು ಬರ್ಲ್ ಪಾರ್ಕಿನ ಆ ತುದಿಗೆ ಕೇಳುವಂತೆ ಹೇಳಿದ.

ಅಷ್ಟೇ ಸಾಕಾಯಿತು. ಚೆಂಡಾಟಕ್ಕೆ ಹೊರಟಿದ್ದ ಕೆನಡಾದ ನಾಲ್ವರು ದಾಂಡಿಗರು ಬ್ಯಾಟು ಹಿಡಿದೇ ಇತ್ತ ತಿರುಗಿದರು. ಕಿತ್ತಳೆ ಸುಲಿಯುತ್ತಿದ್ದವರು ಕಿತ್ತಳೆ ಸಮೇತ ಬಂದರು. ಕೈಗಾಡಿಯಂಥ ಪುಟ್ಟ ಬ್ಯಾಟರಿ ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಮರಳುಗಾಡಿನ ಆ ಪಾರ್ಕಿನಲ್ಲಿ ಚಳಿಗಾಲದ ಬೆಳಗುಗಳು ಬಹಳ ಉದ್ದ. ಒಬ್ಬರ ಗಾಡಿ ಕೆಟ್ಟಿತೆಂದರೆ ಎಲ್ಲರಿಗೂ ಹಬ್ಬ.

"ಬಾಯಲ್ಲಿ ಹೇಳಿದ್ರೆ ಆಗಲ್ಲ, ಪರೀಕ್ಷೆ ಮಾಡಾಣ," ಎಂದ ಬರ್ಲ್, ಜನ ಸೇರಿದ್ದು ಕಂಡು ಬೆನ್ನು ನೆಟ್ಟಗೆ ಮಾಡಿ. "ಲೈಲ್, ಟ್ರಕ್ ತಂದು ಗಾಡಿಗೆ ಸಿಕ್ಕಿಸು. ಆರ್ಡಿಸ್, ಇಸ್ಪೀಟ್ ಎಲೆ ಕೊಡಮ್ಮ."

"ಇಸ್ಪೀಟ್ ಯಾಕೆ?" ಎಂದಳು ಆರ್ಡಿಸ್, ಆದರೆ ಕೊಟ್ಟಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಒಂದು ಬಗೆಯ ಕುತೂಹಲವಿತ್ತು. ಅದು ಲೈಲ್‌ಗೆ ಹಿಡಿಸಲಿಲ್ಲ.

ಲೈಲ್ ಟ್ರಕ್ಕನ್ನು ಹಿಮ್ಮುಖವಾಗಿ ತಂದು ಗಾಡಿಯ ಕತ್ತಿನ ಕೆಳಗೆ ಕೂರಿಸಿದ. ಬರ್ಲ್ ಗೋಡೆಯ ಬುಡಕ್ಕೂ ಕೆಳಗಿನ ಕಬ್ಬಿಣಕ್ಕೂ ನಡುವೆ ಒಂದು ಎಲೆ ತೂರಿಸಲು ನೋಡಿದ. ಹೋಗಲಿಲ್ಲ.

"ನೋಡಿದ್ಯಾ, ಹೋಗಲ್ಲ!" ಎಂದು ಲೈಲ್ ಹಿಗ್ಗಿದ.

"ತಡಿ. ಈಗ ಭಾರ ಎಲ್ಲಾ ನೆಲಕ್ಕೂರಿರೋ ಗಾಡಿ ಮುಂಗಾಲು ಮೇಲೈತೆ. ಗುಂಡಿ ಒತ್ತಿ ಕಾಲು ಮೇಲೆತ್ತು. ಭಾರ ಟ್ರಕ್ ಮೇಲೆ ಬೀಳಲಿ."

ಲೈಲ್ ಗುಂಡಿ ಒತ್ತಿದ. ಮುಂಗಾಲುಗಳು ಗುರ್ರೆನ್ನುತ್ತ ಮೇಲೇರಿದವು. ಗಾಡಿ ನಿಟ್ಟುಸಿರು ಬಿಟ್ಟಿತು. ಎಲ್ಲರ ಕಣ್ಣೆದುರಿಗೇ ಗೋಡೆಯ ಬುಡ ಮೆಲ್ಲಗೆ ಬಾಯಿ ತೆರೆಯಿತು. ಬರ್ಲ್ ಒಂದು ಎಲೆ ತೂರಿಸಿದ. ಹೋಯಿತು. ಇನ್ನೊಂದು. ಅದೂ ಹೋಯಿತು.

"ಮೂರು!" ಎಂದು ಜನ ಕೂಗಿದರು. "ನಾಲ್ಕು! ಐದು!"

"ಆರಕ್ಕೆ ಒಂದು ಬಿಯರ್ ಕಟ್ತೀನಿ," ಎಂದ ಕೆನಡಾದವನೊಬ್ಬ.

"ಏಳಕ್ಕೆ ನಾನು!"

ಎಲೆ ಎಲೆಯಾಗಿ ಒಳಹೋದದ್ದು ಲೈಲ್‌ನ ಕರುಳಿಗೇ ಹೋದಂತಿತ್ತು. ಏಳನೆಯದು ಅರ್ಧಕ್ಕೆ ನಿಂತಾಗ ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೋ ಲೈಲ್‌ಗೆ ತಿಳಿಯಲಿಲ್ಲ.

"ಸಾಲದು," ಎಂದ ಬರ್ಲ್, ಕಣ್ಣು ಮಿನುಗಿಸುತ್ತ. "ನಿಂತ ಗಾಡಿ ಸುಳ್ಳು ಹೇಳ್ತದೆ. ರಸ್ತೆ ಮೇಲೆ ಕುಣಿದಂಗೆ ಕುಣಿಸಬೇಕು. ಏ ಕೆನಡಾ! ನಾಲ್ಕೂ ಜನ ಒಳಗೆ ಹೋಗಿ, ಹಾಸಿಗೆ ಪಕ್ಕ ನಿಂತು ಒಟ್ಟಿಗೆ ನೆಗೀರಿ. ನಾನು ಇಲ್ಲಿ ಟಾರ್ಚ್ ಬಿಟ್ಕೊಂಡು ನೋಡ್ತೀನಿ."

"ಬೇಡ!" ಎಂದ ಲೈಲ್. ಆದರೆ ಅವರು ಆಗಲೇ ಒಳಗೆ ನುಗ್ಗಿದ್ದರು. "ಒಂದು, ಎರಡು, ಮೂರು" ಎಂದ ಕೂಡಲೇ ಗಾಡಿ ಜಾತ್ರೆಯ ತೇರಿನಂತೆ ತೂಗಾಡಿತು. ಕೆಳಗೆ ಬರ್ಲ್ "ತೆರೀತು! ಮುಚ್ಚಿತು! ತೆರೀತು!" ಎಂದು ಕೂಗುತ್ತಿದ್ದ. ಮೂರನೆಯ ನೆಗೆತಕ್ಕೆ ಅಡುಗೆಯ ಕಪಾಟು ತೆರೆದು ಆರ್ಡಿಸ್ ಹಾಕಿಟ್ಟಿದ್ದ ಹುಳಿ ಬೀಟ್‌ರೂಟಿನ ದೊಡ್ಡ ಜಾಡಿ ನೆಲಕ್ಕೆ ಬಿದ್ದು ಒಡೆಯಿತು. ಕೆಂಪು ರಸ ಬಾಗಿಲ ಮೆಟ್ಟಿಲ ಮೇಲೆ ಹರಿದು ಹೊರಗಿಳಿಯಿತು.

ಅದೇ ಹೊತ್ತಿಗೆ ಮೂರನೇ ಸಾಲಿನ ಗ್ಲೆಂಡಾ ದುಃಖದ ಮನೆಗೆ ಊಟ ಒಯ್ಯುವವಳಂತೆ ಕೈಯಲ್ಲಿ ಬಿಸಿ ಬಿಸಿ ಟ್ಯೂನಾ ಮೀನಿನ ಪಾತ್ರೆ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಬಂದವಳು ಮೆಟ್ಟಿಲು ನೋಡಿ ಕಿಟಾರನೆ ಕಿರುಚಿದಳು.

"ಅಯ್ಯೋ ಆರ್ಡಿಸ್! ಇಷ್ಟರ ಮಟ್ಟಿಗೆ ಹೋಯ್ತಾ?"

"ಏನು ಎಷ್ಟರ ಮಟ್ಟಿಗೆ?"

"ನೀನೂ ಲೈಲೂ ಬೇರೆಯಾಗ್ತಿದೀರಂತಲ್ಲ! ಬಿಟ್ಟು ಹೊರಟಿದಾರೆ, ಜೋಡಿ ಮುರೀತು ಅಂತ ಆ ಕಡೆ ಎಲ್ಲ ಹೇಳ್ತಿದಾರೆ. ಇಷ್ಟು ವರ್ಷ ಆದ್ಮೇಲೆ..."

"ಬಿಟ್ಕೊಂಡಿರೋದು ಗಾಡಿ, ಗ್ಲೆಂಡಾ. ನಾವಲ್ಲ. ಇದು ಬೀಟ್‌ರೂಟ್."

ಗ್ಲೆಂಡಾ ಮೆಟ್ಟಿಲಿಗೆ ಬೆರಳು ಮುಟ್ಟಿಸಿ ಮೂಸಿ ನೋಡಿದಳು. "ಹಾಗಾದ್ರೆ ಈ ಮೀನು?"

"ಒಳಗೆ ತಗೊಂಬಾ. ನೆಗೆದವರಿಗೆ ಹಸಿವಾಗಿರುತ್ತೆ."

ಲೈಲ್ ಬರ್ಲ್‌ನನ್ನು ಪಕ್ಕಕ್ಕೆ ಎಳೆದ. ಹಣೆಯ ಮೇಲೆ ಬೆವರು. "ಈಗ ಏನು ಮಾಡೋದು ಹೇಳು. ಸಂದಿಗೆ ಒಂಚೂರು ಪುಟ್ಟಿ ಮೆತ್ತಿ, ಮೇಲೆ ಬಿಳಿ ಟೇಪ್ ಅಂಟಿಸಿದ್ರೆ?"

ಆರ್ಡಿಸ್ ಹಿಂದೆಯೇ ನಿಂತಿದ್ದಳು. "ಬಂದವನಿಗೆ ವಿಷಯ ಹೇಳ್ತೀಯೋ ಇಲ್ವೋ?"

"ಕೇಳಿದ್ರೆ ಹೇಳ್ತೀನಿ."

"ಕೇಳದಿದ್ರೆ?"

"ಕೇಳದೇ ಇರೋರಿಗೆ ಹೇಳೋದು ಮರ್ಯಾದೆ ಅಲ್ಲ."

ಆರ್ಡಿಸ್ ಗಂಡನನ್ನೊಮ್ಮೆ ನೋಡಿ ಒಳಗೆ ಹೋದಳು. ಆ ನೋಟಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿಯಿತ್ತು ಎಂದುಕೊಂಡ ಲೈಲ್.

"ಪುಟ್ಟಿಯಂತೆ ಪುಟ್ಟಿ!" ಎಂದು ಜನರ ಹಿಂದಿನಿಂದ ಒಂದು ಒರಟು ದನಿ ಬಂತು. ನೆಡ್ರಾ. ಟಕೋಮದ ಹಡಗುಕಟ್ಟೆಯಲ್ಲಿ ಹಡಗಿನ ಹೊಟ್ಟೆಗೆ ವೆಲ್ಡಿಂಗ್ ಮಾಡಿ ಮುದುಕಿಯಾದವಳು. ಬೆಸುಗೆಯ ಯಂತ್ರ ಈಗಲೂ ಅವಳ ಟ್ರಕ್ಕಿನ ಮೇಲೆಯೇ ಇತ್ತು. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸುವಾಗ ಅವಳು ಹಳೆಯ ಬೆಸುಗೆಗಳ ಫೋಟೋ ತೋರಿಸುತ್ತಿದ್ದಳು. "ಪುಟ್ಟಿ ಮುಖಕ್ಕೆ ಹಚ್ಕೋ. ಕಬ್ಬಿಣಕ್ಕೆ ಬೆಂಕಿ ಬೇಕು. ಆ ಕತ್ತಿನ ಕೆಳಗಿನ ತಗಡು ಬಿಚ್ಚು."

"ಸಂಜೆ ಒಳಗೆ ಆಗುತ್ತಾ?"

"ನೀನು ಮಾತಾಡ್ತಾ ನಿಂತ್ರೆ ಆಗಲ್ಲ."

ಅಲ್ಲಿಂದ ಮುಂದೆ ಪಾರ್ಕಿನಲ್ಲಿ ಯುದ್ಧದ ಸಂಭ್ರಮ. ಒಬ್ಬರು ಸ್ಕ್ರೂ ಬಿಚ್ಚಿದರು, ಒಬ್ಬರು ಬಿಚ್ಚಿದ ಸ್ಕ್ರೂ ಕಳೆದುಹಾಕಿದರು. ತಗಡು ಕೆಳಗಿಳಿಯಿತು. ನೆಡ್ರಾ ಕನ್ನಡಕ ಏರಿಸಿ ಒಳಗೆ ನೋಡಿ ಸೀಟಿ ಹೊಡೆದಳು. ಕತ್ತಿನ ಕಬ್ಬಿಣ ಗೋಡೆಯ ಕಂಬಗಳನ್ನು ಹಿಡಿದಿದ್ದ ಕಡೆ, ಎಡಕ್ಕೂ ಬಲಕ್ಕೂ ಹಳೆಯ ಬೆಸುಗೆ ಸೀಳಿಹೋಗಿತ್ತು. ತುಕ್ಕು ಹಿಡಿದ ಬಾಯಿಗಳು ನಗುತ್ತಿದ್ದವು.

"ಹೇಳಿರಲಿಲ್ವಾ!" ಎಂದು ಬರ್ಲ್ ಸುತ್ತಲಿದ್ದವರ ಕೈ ಕುಲುಕಿದ. ಮಗು ಹುಟ್ಟಿದವನಂತೆ ಬೀಗುತ್ತಿದ್ದ.

ಟ್ರಕ್ಕು ಬಿಡಿಸಿದರು. ಮನೆಮನೆಯಿಂದ ಜಾಕಿಗಳು ಬಂದವು, ಮರದ ದಿಮ್ಮಿಗಳು ಬಂದವು. "ಎತ್ತು! ಇನ್ನೊಂದು ಸುತ್ತು! ನಿಲ್ಸು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಗೋಡೆ ಮತ್ತು ಕಬ್ಬಿಣ ಒಂದಕ್ಕೊಂದು ಮುಟ್ಟಿದವು. ನೆಡ್ರಾ ಮುಖಕ್ಕೆ ಕವಚ ಎಳೆದುಕೊಂಡಳು.

"ಲೈಲ್, ನೀನು ಮೇಲೆ ಕೋಣೇಲಿ ಬಕೆಟ್ ನೀರು ಇಟ್ಕೊಂಡು ಮಲ್ಕೋ. ಬಿಸಿಗೆ ಪ್ಲೈವುಡ್ ಏನಾದ್ರೂ ಹೊಗೆಯಾಡಿದ್ರೆ ಹೇಳು. ಹೇಳು ಅಂದೆ, ಸುರಿ ಅನ್ನಲಿಲ್ಲ."

ಲೈಲ್ ನೆಲಕ್ಕೆ ಕಿವಿಗೊಟ್ಟು ಬೋರಲು ಬಿದ್ದುಕೊಂಡ. ಕೆಳಗೆ ಚಿಟಿಚಿಟಿ ಎಂದು ಬೆಂಕಿ ಹಾರುತ್ತಿತ್ತು. ಮೂಗಿಗೆ ಏನೋ ವಾಸನೆ ಬಂತು. ಮೂಲೆಯಲ್ಲಿ ಎಳೆಯಷ್ಟು ಹೊಗೆ ಕಂಡಿತು. ಕಲ್ಲಿನ ಮನೆ, ಸೇಬಿನ ಮರ, ಎಲ್ಲವೂ ಆ ಹೊಗೆಯಲ್ಲಿ ಹೋಗುತ್ತಿರುವಂತೆ ಕಂಡು, "ಬೆಂಕಿ!" ಎಂದು ಕೂಗಿ ಬಕೆಟ್ಟನ್ನು ಬೋರಲು ಹಾಕಿಯೇಬಿಟ್ಟ. ನೀರು ಸಂದಿನಲ್ಲಿ ಇಳಿದು ನೇರವಾಗಿ ನೆಡ್ರಾಳ ಕತ್ತಿನ ಹಿಂದೆ ಹೋಯಿತು. ಕೆಳಗಿನಿಂದ ಹಡಗುಕಟ್ಟೆಯಲ್ಲಿ ಮಾತ್ರ ಕಲಿಯಬಹುದಾದ ಕೆಲವು ಮಾತುಗಳು ಕೇಳಿಬಂದವು. ಗ್ಲೆಂಡಾ ಕಿವಿ ಮುಚ್ಚಿಕೊಂಡಳು. ಕೆನಡಾದವರು ಅವನ್ನು ಬಾಯಿಪಾಠ ಮಾಡಿಕೊಂಡರು.

ಆಮೇಲೆ ನೋಡಿದರೆ ಆ ಹೊಗೆ ಅಡುಗೆಯ ಒಲೆಯಲ್ಲಿ ಬಿಸಿಗಿಟ್ಟು ಮರೆತಿದ್ದ ಟ್ಯೂನಾದ್ದು.

ಒದ್ದೆ ಬಟ್ಟೆಯಲ್ಲೇ ನೆಡ್ರಾ ಬಿಡದೆ ಕೆಲಸ ಮಾಡಿದಳು. ಸೀಳಿದ್ದನ್ನೆಲ್ಲ ಉಜ್ಜಿ ಬೆಸೆದಳು. ಸಾಲದೆಂದು ದಪ್ಪ ತಗಡುಗಳನ್ನು ತ್ರಿಕೋನಾಕಾರದಲ್ಲಿ ಕೊಯ್ದು ಎರಡೂ ಕಡೆ ಒತ್ತುಕೊಟ್ಟಳು. ಬೀಡಿಂಗ್ ಕೂತಿತು, ಕಳೆದ ಸ್ಕ್ರೂಗಳ ಬದಲು ಬೇರೆಯವರ ಗಾಡಿಯ ಸ್ಕ್ರೂಗಳು ಬಂದವು, ಓರೆ ಗೀರಿನ ಮೇಲೆ ಬಿಳಿ ಬಣ್ಣ ಓಡಿತು. ಮತ್ತೆ ಟ್ರಕ್ಕು ಸಿಕ್ಕಿಸಿ ಮುಂಗಾಲು ಎತ್ತಿದರು. ಬರ್ಲ್ ಎಲೆ ತೂರಿಸಿದ. ಹೋಗಲಿಲ್ಲ. ಕೆನಡಾದವರು ನೆಗೆದರು. ಗಾಡಿ ಮಿಸುಕಲಿಲ್ಲ. ಲೈಲ್ ಒಳಗೆ ಓಡಿ ಕೋಣೆಯ ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿದ. ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಗಿ ಮುಚ್ಚಿಕೊಂಡಿತು.

ಲೈಲ್ ಹೊರಗೆ ಬಂದು ಒದ್ದೆಯಾಗಿದ್ದ ನೆಡ್ರಾಳನ್ನು ಅಪ್ಪಿಕೊಂಡುಬಿಟ್ಟ. "ನೀನು ದೇವತೆ!"

"ದೂರ ನಿಂತ್ಕೋ. ಇನ್ನೂ ಸಿಟ್ಟಿದೆ."

ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಒಂದು ದೊಡ್ಡ ಟ್ರಕ್ಕು ಬರುತ್ತಿತ್ತು. "ಬಂದ!" ಎಂದು ಯಾರೋ ಕೂಗಿದ್ದೇ ತಡ, ಜಾಕಿಗಳು ಕುರ್ಚಿಗಳ ಕೆಳಗೆ ಸೇರಿದವು, ಬಣ್ಣದ ಡಬ್ಬಿ ಗ್ಲೆಂಡಾಳ ಟೋಪಿಯೊಳಗೆ ಹೋಯಿತು. ಒಚೋವ ಇಳಿಯುವ ಹೊತ್ತಿಗೆ ಇಡೀ ಪಾರ್ಕು ಸಾಲಾಗಿ ಕುರ್ಚಿ ಹಾಕಿಕೊಂಡು ದೂರದ ಬೋಳು ಬೆಟ್ಟಗಳನ್ನು ನೋಡುತ್ತ ಕೂತಿತ್ತು. ಆ ಬೆಟ್ಟಗಳನ್ನು ಯಾರೂ ಎಂದೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಒಚೋವ ನಡುವಯಸ್ಸಿನ ಸಣಕಲು ಮನುಷ್ಯ, ಮಿತಭಾಷಿ. ಟೋಪಿ ತೆಗೆದು ಆರ್ಡಿಸ್‌ಗೆ ನಮಸ್ಕಾರ ಹೇಳಿದ. "ನೋಡಬಹುದಾ?" ಎಂದ. ಅಡುಗೆಮನೆ ನೋಡಲಿಲ್ಲ, ಸೋಫಾ ಮುಟ್ಟಲಿಲ್ಲ. ನೇರವಾಗಿ ಗಾಡಿಯ ಕತ್ತಿನ ಕಡೆ ಹೋದ. ಲೈಲ್ ಹಿಂದೆಯೇ ಓಡಿದ.

ಒಚೋವ ಜೇಬಿನಿಂದ ತೆಳುವಾದ ಉಕ್ಕಿನ ಪಟ್ಟಿ ತೆಗೆದು ಗೋಡೆಯ ಬುಡಕ್ಕೆ ತೂರಿಸಿದ. ಹೋಗಲಿಲ್ಲ. ಆ ಕಡೆ ಹೋಗಿ ತೂರಿಸಿದ. ಅಲ್ಲೂ ಇಲ್ಲ. "ಕಾಲು ಎತ್ತೀರಾ?" ಎಂದ. ಲೈಲ್ ಎತ್ತಿದ. "ಇಳಿಸೀರಾ?" ಇಳಿಸಿದ. ಒಚೋವ ಗೋಡೆಯನ್ನು ತಟ್ಟಿದ, ಕಿವಿಯಿಟ್ಟು ಕೇಳಿದ, ಒಳಗೆ ಹೋಗಿ ಬಾಗಿಲು ಜಾರಿಸಿ ನೋಡಿದ. ಒಂದೊಂದು ಪರೀಕ್ಷೆ ಮುಗಿದಂತೆಲ್ಲ ಅವನ ಮುಖ ಸಣ್ಣದಾಗುತ್ತ ಹೋಯಿತು. ಲೈಲ್‌ಗೆ ಅರ್ಥವಾಗಲಿಲ್ಲ. ಹಗುರವಾಗಿ ಕೆಮ್ಮಿದ.

"ಬಂಡೆ ಇದ್ದ ಹಾಗಿದೆ ಅಲ್ವಾ?"

"ಹೂಂ," ಎಂದ ಒಚೋವ.

"ಈ ಪಾರ್ಕಲ್ಲೇ ಇಷ್ಟು ಗಟ್ಟಿ ಗಾಡಿ ಇನ್ನೊಂದಿಲ್ಲ ಸಾರ್," ಎಂದು ಬರ್ಲ್ ಬೆಟ್ಟ ನೋಡುತ್ತಲೇ ಹೇಳಿದ. "ನಾನು ಸೇತುವೆ ನೋಡಿದೋನು."

"ಅದೇ ನನ್ನ ದುರದೃಷ್ಟ," ಎಂದು ಒಚೋವ ಮೆಟ್ಟಿಲ ಮೇಲೆ ಕುಸಿದು ಕೂತ. "ನಾನು ಇಂಥ ಗಾಡಿಗಳ ರಿಪೇರಿ ಕಲಿಸೋ ಮೇಷ್ಟ್ರು. ಚಾಸಿ ಬಳುಕೋದು, ಬಾಡಿ ಬಿಟ್ಕೊಳ್ಳೋದು, ಇದನ್ನ ಪತ್ತೆ ಹಚ್ಚೋದು ಹೇಗೆ ಅಂತ ಪಾಠ ಮಾಡಬೇಕು. ಅದಕ್ಕೆ ನಿಜವಾಗಿ ಬಿಟ್ಕೊಂಡಿರೋ ಗಾಡಿ ಒಂದು ಬೇಕು. ಈ ಮಾದರಿ, ಈ ವರ್ಷದ್ದು ಅಂದ್ರೆ ಬಿಟ್ಕೊಂಡೇ ಇರುತ್ತೆ ಅಂತ ನಂಬ್ಕೊಂಡು ಫೀನಿಕ್ಸಿಂದ ಬಂದೆ. ನೀವು ಕೇಳಿದಷ್ಟೂ ಕೊಡೋಕೆ ತಯಾರಾಗಿದ್ದೆ. ಆದ್ರೆ ಏನು ಮಾಡೋದು, ನಿಮ್ಮದು ಗಟ್ಟಿಯಾಗಿದೆ."

ಕುರ್ಚಿಯೊಂದರ ಕೆಳಗಿನ ಜಾಕಿ ಮೆಲ್ಲಗೆ ವಾಲಿ ಬಿತ್ತು.

"ಅದು ಗಟ್ಟಿಯಾಗಿಲ್ಲ!" ಎಂದು ಲೈಲ್ ಚೀರಿದ. "ಬಿಟ್ಕೊಂಡಿತ್ತು ಸ್ವಾಮಿ! ಇವತ್ತು ಬೆಳಿಗ್ಗೆ ತನಕ ಪೂರ್ತಿ ಬಿಟ್ಕೊಂಡಿತ್ತು! ಆರೂವರೆ ಎಲೆ ಹೋಗ್ತಿತ್ತು! ಬರ್ಲ್, ಹೇಳೋ!"

"ಹೌದು ಸಾರ್, ಭಯಂಕರ ಬಿರುಕು," ಎಂದು ಬರ್ಲ್ ಎದ್ದು ನಿಂತ. "ಅಂಥ ಚೆಂದದ ಬಿರುಕು ನಾನು ಓಹಾಯೋ ನದಿ ಸೇತುವೇಲೂ ನೋಡಿಲ್ಲ."

ಒಚೋವ ಮತ್ತೆ ಕತ್ತಿನ ಕೆಳಗೆ ತೂರಿದ. ತಗಡು ಬಿಚ್ಚಿಸಿದ. ಒಳಗೆ ಕೈಯಿಟ್ಟವನು ತಟ್ಟನೆ ಹಿಂದಕ್ಕೆಳೆದುಕೊಂಡ, ಇನ್ನೂ ಬಿಸಿಯಿತ್ತು. ದೀಪ ಹಿಡಿದು ಬಹಳ ಹೊತ್ತು ನೋಡಿದ. ಹೊರಬಂದಾಗ ಅವನ ಕಣ್ಣು ತುಂಬಿಕೊಂಡಂತಿತ್ತು.

"ಇದನ್ನ ಮಾಡಿದ್ದು ಯಾರು?"

ನೆಡ್ರಾ ಕೈಯೆತ್ತಿದಳು.

"ಅಮ್ಮ, ಇಂಥ ಬೆಸುಗೆ ನನ್ನ ಜನ್ಮದಲ್ಲಿ ನೋಡಿಲ್ಲ. ಇನ್ನು ಈ ಗಾಡಿ ಕತ್ತು ಬಿಟ್ಕೊಳ್ಳೋದು ಸುಳ್ಳು."

"ನೆಗೀರಿ!" ಎಂದ ಲೈಲ್ ಕೆನಡಾದವರ ಕಡೆ ತಿರುಗಿ. "ಒಳಗೆ ಹೋಗಿ ನೆಗೀರ್ರೋ!" ಅವರು ನೆಗೆದರು. ಲೈಲ್ ತಾನೂ ಹೋಗಿ ಅವರ ನಡುವೆ ನಿಂತು ನೆಗೆದ. ಗ್ಲೆಂಡಾಳನ್ನೂ ಕರೆದ. ಬೆವರಿಳಿಯುವಂತೆ ಎಲ್ಲರೂ ನೆಗೆದರು. ಗಾಡಿ ಗುಡ್ಡದಂತೆ ನಿಂತಿತ್ತು. ಲೈಲ್ ಏದುಸಿರು ಬಿಡುತ್ತ ಹೊರಬಂದು ನೆಡ್ರಾಳ ತೋಳು ಹಿಡಿದುಕೊಂಡ. "ಕತ್ತರಿಸಿಬಿಡು. ನಿನಗೆ ಕೈ ಮುಗೀತೀನಿ."

"ನಾನು ಹಾಕಿದ ಬೆಸುಗೆ ನಾನೇ ಕತ್ತರಿಸೋದಾ? ತಲೆ ನೆಟ್ಟಗಿದೆಯಾ?"

"ಕತ್ತರಿಸಿದ್ರೂ ಪ್ರಯೋಜನ ಇಲ್ಲ," ಎಂದ ಒಚೋವ ಮೆತ್ತಗೆ. "ರಸ್ತೆ ಮೇಲೆ ದಣಿದು ದಣಿದು ತಾನಾಗೇ ಸೀಳಿರಬೇಕು. ಹುಡುಗರಿಗೆ ಅದು ಗುರುತು ಸಿಗಬೇಕು. ಬರ್ತೀನಿ, ನಿಮ್ಮ ದಿನ ಹಾಳು ಮಾಡಿದೆ." ಟೋಪಿ ಹಾಕಿಕೊಂಡು ಹೊರಟವನು ಮುಗ್ಗರಿಸಿ, ಆಸರೆಗೆಂದು ಪಕ್ಕದ ಜಾಗದ ಗಾಡಿಯ ಮೂಲೆಗೆ ಕೈ ಕೊಟ್ಟ.

ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು.

ಒಚೋವ ಕೈಯನ್ನು ಹೊರಗೆಳೆದು ನೋಡಿದ. ಮತ್ತೆ ಒಳಗೆ ಹಾಕಿದ. ಬಗ್ಗಿದ. "ಅಮ್ಮಮ್ಮಾ!" ಎಂದು ಅವನು ಕೂಗಿದ ರೀತಿಗೆ ಕುರ್ಚಿಗಳೆಲ್ಲ ಖಾಲಿಯಾದವು. ಮೂಲೆ ಬೀಡಿಂಗ್ ಬಾಳೆಸಿಪ್ಪೆಯಂತೆ ಸುಲಿದು ಬಂತು. ಒಳಗೆ ಬೆಸುಗೆಗಳು ಒಂದೂ ಉಳಿದಿರಲಿಲ್ಲ. ಗೋಡೆ ಬರೀ ಅಭ್ಯಾಸಬಲದಿಂದ ನಿಂತಿತ್ತು.

"ಯಾರದು ಈ ಗಾಡಿ?"

ಎಲ್ಲರೂ ಬರ್ಲ್ ಟ್ಯಾಕೆಟ್‌ನ ಕಡೆ ತಿರುಗಿದರು. ಬರ್ಲ್‌ನ ಕಿವಿ ಕೆಂಪಾಯಿತು. ಟಾರ್ಚನ್ನು ಬೆಲ್ಟಿಗೆ ಸಿಕ್ಕಿಸಿದ, ಮತ್ತೆ ತೆಗೆದ.

"ಅದು... ನಾನು ಒಳಗಡೆ ಇರ್ತೀನಲ್ಲ. ಹೊರಗಡೆಯಿಂದ ಬೇರೆಯವರದು ನೋಡೋದೇ ಆಗ್ತಿತ್ತು."

"ಕೊಡ್ತೀರಾ? ಅವರಿಗೆ ಕೊಡಬೇಕು ಅಂತಿದ್ದಷ್ಟೂ ನಿಮಗೇ ಕೊಡ್ತೀನಿ. ಈಗಲೇ ಎಳ್ಕೊಂಡು ಹೋಗ್ತೀನಿ."

ಬರ್ಲ್ ಒಂದು ಸಲ ಲೈಲ್‌ನ ಮುಖ ನೋಡಿದ, ಒಂದು ಸಲ ತನ್ನ ಗಾಡಿ ನೋಡಿದ. "ಕೊಟ್ಟೆ," ಎಂದ.

ಎಲ್ಲರೂ ಮತ್ತೊಮ್ಮೆ ಹುರುಪಿನಿಂದ ಕೈಹಾಕಿದರು. ಬರ್ಲ್‌ನ ಬಟ್ಟೆಬರೆ, ಬೂಟು, ಬಾಣಲೆ, ಕಾಲು ಚಾಚುವ ದೊಡ್ಡ ಕುರ್ಚಿ ಎಲ್ಲ ಮರಳಿನ ಮೇಲೆ ಬಂದು ಕೂತವು. ಬೆಲ್ಟುಗಳಿಂದ ಬಿಗಿದು ಕಟ್ಟಿದ ಆ ಗಾಡಿಯನ್ನು ಒಚೋವ ಹೊಸ ಸೊಸೆಯನ್ನು ಮನೆದುಂಬಿಸಿಕೊಳ್ಳುವವನಂತೆ ಹುಷಾರಾಗಿ, ಆಮೆಯ ನಡಿಗೆಯಲ್ಲಿ ಎಳೆದುಕೊಂಡು ಹೋದ. ಜನ ಕೈಬೀಸಿದರು. ಧೂಳು ಇಳಿದ ಮೇಲೆ ಪಕ್ಕದ ಜಾಗ ಬೋಳಾಗಿತ್ತು. ಬರ್ಲ್ ಅದರ ನಡುವೆ ತನ್ನ ಕುರ್ಚಿಯ ಪಕ್ಕ ಒಬ್ಬನೇ ನಿಂತಿದ್ದ.

"ಈಗ ನೀನು ಎಲ್ಲಿರ್ತೀಯ ಬರ್ಲ್?" ಎಂದಳು ಆರ್ಡಿಸ್.

"ಅದನ್ನ ನಾನು ಯೋಚನೆ ಮಾಡಿರಲಿಲ್ಲ ಕಣಮ್ಮ."

"ಯೋಚನೆ ಏನಕ್ಕೆ? ನಮ್ಮ ಸೋಫಾ ಬಿಚ್ಚಿದ್ರೆ ಹಾಸಿಗೆ ಆಗುತ್ತೆ. ಅದೂ ಅಲ್ದೆ ನಿನ್ನಿಂದ್ಲೇ ನಮ್ಮ ಗಾಡಿ ಉಳೀತು. ಅಲ್ವಾ ಲೈಲ್?"

ಲೈಲ್ ಬಾಯಿ ತೆರೆದ. ಕರಾರು ನೆನಪಾಗಿ ಮುಚ್ಚಿದ.

ಬೆಟ್ಟಗಳು ನೇರಳೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ಬರ್ಲ್‌ನ ಕುರ್ಚಿ ಒಳಗೆ ಬಂದು ಅರ್ಧ ಮನೆಯನ್ನು ತುಂಬಿತ್ತು. ಆರ್ಡಿಸ್ ಊಟದ ಮೇಜಿನ ಮೇಲೆ ಅಲಾಸ್ಕದ ನಕ್ಷೆ ಹರಡಿದಳು. ಬರ್ಲ್ ಅದರ ಮೇಲೆ ಬಗ್ಗಿ, ಟಾರ್ಚ್ ಹಾಕಿಕೊಂಡು, ದಾರಿಯುದ್ದಕ್ಕೂ ಬೆರಳು ಓಡಿಸಿದ. ಅವನ ಮುಖ ಅರಳುತ್ತ ಬಂತು.

"ಲೈಲ್, ನೋಡಿದ್ಯೇನಯ್ಯ? ಭಾಳ ನದಿಗಳು ಅವೆ ಈ ದಾರೀಲಿ. ನದಿ ಅಂದ್ಮೇಲೆ ಸೇತುವೆ ಇರ್ತಾವೆ. ಒಂದೊಂದರ ಹತ್ರಾನೂ ಗಾಡಿ ನಿಲ್ಸು. ಕೆಳಗಿಳಿದು ನೋಡ್ಕೊಂಡೇ ಹೋಗಾಣ."